‘ಬೆವರ್ಲಿ ಹಿಲ್ಸ್ ಕಾಪ್’ 4ಕೆ ಡಿಸ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

1984ರ ಡಿಸೆಂಬರ್ 5ರಂದು ಅಮೆರಿಕದಲ್ಲಿ ತೆರೆಕಂಡ ‘ಬೆವರ್ಲಿ ಹಿಲ್ಸ್ ಕಾಪ್’ ಚಿತ್ರವನ್ನು ಪ್ಯಾರಮೌಂಟ್ ಸಂಸ್ಥೆಯು 2020ರಲ್ಲಿ ಎರಡು ಬಾರಿ ಮರುಬಿಡುಗಡೆ ಮಾಡಿತು. ವರ್ಷದ ಆರಂಭದಲ್ಲಿ ಸರಣಿಯ ಮೂರು ಚಿತ್ರಗಳ ಬ್ಲೂ-ರೇ ಸಂಪುಟ ಬಂದಿತು; ವರ್ಷದ ಕೊನೆಗೆ ಮೊದಲ ಚಿತ್ರವೊಂದೇ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ನಲ್ಲಿ ಬಂದಿತು. ಯಾವುದನ್ನು ಕೊಳ್ಳಬೇಕು, ಹಳೆಯದು ಇದ್ದರೆ ಹೊಸದು ಬೇಕೆ, ತರಿಸಿದ ಡಿಸ್ಕ್ ನಮ್ಮಲ್ಲಿ ಓಡುತ್ತದೆಯೆ ಎಂಬ ಪ್ರಶ್ನೆಗಳು ಮತ್ತೆ ಮತ್ತೆ ಬರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಡಲಾಗಿದೆ.

ಚಿತ್ರವನ್ನು ನಾನು ನೋಡಿಯೇ ಇಲ್ಲ. ಕಥೆ ಏನು?

ಡೆಟ್ರಾಯ್ಟ್ ನಗರದ ಪತ್ತೇದಾರ ಆಕ್ಸೆಲ್ ಫೋಲಿ (ಎಡ್ಡಿ ಮರ್ಫಿ) ತನ್ನ ಬಾಲ್ಯದ ಗೆಳೆಯನ ಕೊಲೆಯ ಜಾಡು ಹಿಡಿದು, ಮೇಲಧಿಕಾರಿಯ ಮಾತನ್ನು ಲೆಕ್ಕಿಸದೆ, ರಜೆ ಹಾಕಿ ಕ್ಯಾಲಿಫೋರ್ನಿಯಾದ ಸಿರಿವಂತರ ಊರಾದ ಬೆವರ್ಲಿ ಹಿಲ್ಸ್‌ಗೆ ಬರುತ್ತಾನೆ. ಅಲ್ಲಿನ ಪೊಲೀಸ್ ಇಲಾಖೆಯಲ್ಲಿ ಎಲ್ಲವೂ ಕಾನೂನಿನ ಪುಸ್ತಕದ ಪ್ರಕಾರವೇ ನಡೆಯಬೇಕು. ಈ ಹೊರಗಿನವನ ಮೇಲೆ ಕಣ್ಣಿಡಲು ಹಿರಿಯ ಸಾರ್ಜೆಂಟ್ ಟ್ಯಾಗರ್ಟ್ (ಜಾನ್ ಆಷ್ಟನ್) ಮತ್ತು ಎಳೆಯ ಪತ್ತೇದಾರ ರೋಸ್‌ವುಡ್ (ಜಡ್ಜ್ ರೈನ್‌ಹೋಲ್ಡ್) ನೇಮಕಗೊಳ್ಳುತ್ತಾರೆ. ಮೂವರೂ ಸೇರಿ ಕಲಾಕೃತಿಗಳ ವ್ಯಾಪಾರಿ ವಿಕ್ಟರ್ ಮೇಟ್‌ಲ್ಯಾಂಡ್‌ನ (ಸ್ಟೀವನ್ ಬರ್ಕಾಫ್) ಕಳ್ಳಸಾಗಣೆಯನ್ನು ಬಯಲಿಗೆಳೆಯುವುದು ಉಳಿದ ಕಥೆ. ಕೊಲೆಗಾರ ಯಾರೆಂಬುದು ಪ್ರೇಕ್ಷಕರಿಗೆ ಆರಂಭದಲ್ಲೇ ತಿಳಿದಿರುತ್ತದೆಯಾದ್ದರಿಂದ ಪತ್ತೇದಾರಿಕೆಯ ಕುತೂಹಲವನ್ನು ಇಲ್ಲಿ ಅರಸಬೇಡಿ. ಆಕ್ಸೆಲ್ ಬಾಯಿಮಾತಿನಿಂದಲೇ ಒಂದೊಂದು ಬಾಗಿಲನ್ನೂ ತೆರೆಸಿಕೊಂಡು ಒಳನುಗ್ಗುವ ಬಗೆಯೇ ಇದರ ಸೊಗಸು.

ನಾಯಕ ಒಬ್ಬನೇ ಇರುವಾಗ ಇದನ್ನು ಜೋಡಿ ಪೊಲೀಸರ ಚಿತ್ರ ಎನ್ನುವುದೇಕೆ?

ಜಾಹೀರಾತಿನ ಚಿತ್ರದಲ್ಲಿ ಎಡ್ಡಿ ಮರ್ಫಿ ಒಬ್ಬನೇ ಇರುವುದರಿಂದ ಈ ಸಂದೇಹ ಬರುವುದು ಸಹಜ. ಆದರೆ ಕಥೆಯ ನಡುಭಾಗವನ್ನೆಲ್ಲ ಹೊತ್ತು ನಿಂತಿರುವುದು ಟ್ಯಾಗರ್ಟ್ ಮತ್ತು ರೋಸ್‌ವುಡ್ ಜೋಡಿ. ಆಕ್ಸೆಲ್ ಆ ಜೋಡಿಯೊಳಗೆ ನುಗ್ಗಿದ ಮೂರನೆಯವನು. ಹೋಟೆಲಿನ ಮುಂದೆ ಕಾರಿನಲ್ಲಿ ಕಾವಲು ಕುಳಿತ ಇವರಿಬ್ಬರಿಗೆ ಆಕ್ಸೆಲ್ ಮೊದಲು ಹೋಟೆಲಿನಿಂದಲೇ ರಾತ್ರಿಯ ಊಟ ಕಳುಹಿಸುತ್ತಾನೆ. ಅವರು ತಿನ್ನುವುದರಲ್ಲಿ ಮೈಮರೆತಿರುವಾಗ ಹಿಂದಿನಿಂದ ಹೋಗಿ ಕಾರಿನ ಹೊಗೆಕೊಳವೆಗೆ ಬಾಳೆಹಣ್ಣು ತುರುಕುತ್ತಾನೆ. ಆ ಹಣ್ಣುಗಳನ್ನು ಕೊಡುವ ಹೋಟೆಲ್ ಕೆಲಸಗಾರನ ಪಾತ್ರದಲ್ಲಿ ಕೆಲವೇ ಕ್ಷಣ ಕಾಣಿಸಿಕೊಳ್ಳುವಾತ ಮುಂದೆ ಹಾಸ್ಯನಟನಾಗಿ ಹೆಸರು ಮಾಡಿದ ಡೇಮನ್ ವೇಯನ್ಸ್. ಪೊಲೀಸರ ಪೈಕಿ ಒಬ್ಬ ಶಿಸ್ತಿನವನು, ಒಬ್ಬ ಮುಗ್ಧ, ಒಬ್ಬ ತಲೆಹರಟೆ ಎಂಬ ಈ ಮೂರರ ಲೆಕ್ಕಾಚಾರವನ್ನು ಆಮೇಲಿನ ಎಷ್ಟೋ ಚಿತ್ರಗಳು ಎರವಲು ಪಡೆದವು. ಮರ್ಫಿ ಇದಕ್ಕೂ ಎರಡು ವರ್ಷ ಮೊದಲು, 1982ರ ‘48 ಅವರ್ಸ್’ ಚಿತ್ರದಲ್ಲಿ ನಿಕ್ ನೋಲ್ಟಿಯ ಜೊತೆ, ಪೊಲೀಸನ ಪಕ್ಕದಲ್ಲಿ ಕೈದಿಯಾಗಿ ನಟಿಸಿದ್ದುದನ್ನೂ ನೆನೆಯಬಹುದು.

ಸಿಲ್ವೆಸ್ಟರ್ ಸ್ಟಲೋನ್ ನಟಿಸಬೇಕಿತ್ತು ಎನ್ನುವುದು ನಿಜವೆ?

ನಿಜ. ಅವನು ಪಾತ್ರವನ್ನು ಒಪ್ಪಿಕೊಂಡು, ಚಿತ್ರಕಥೆಯನ್ನು ತನಗೆ ಬೇಕಾದಂತೆ ತಿದ್ದಿ ಬರೆದು, ಹಾಸ್ಯವನ್ನು ಬಹುಮಟ್ಟಿಗೆ ತೆಗೆದು ಹೊಡೆದಾಟವನ್ನು ಹಿಗ್ಗಿಸಿದ್ದ. ಅಷ್ಟು ಖರ್ಚು ಮಾಡಲು ಸ್ಟುಡಿಯೊ ಸಿದ್ಧವಿರಲಿಲ್ಲ. ಚಿತ್ರೀಕರಣಕ್ಕೆ ಸುಮಾರು ಎರಡು ವಾರಗಳಿರುವಾಗ ಅವನು ಹೊರನಡೆದ. ಅವನ ಕಲ್ಪನೆಗಳಲ್ಲಿ ಕೆಲವು 1986ರ ‘ಕೋಬ್ರಾ’ ಚಿತ್ರಕ್ಕೆ ಹೋದವು. ನಿರ್ಮಾಪಕರಾದ ಡಾನ್ ಸಿಂಪ್ಸನ್ ಮತ್ತು ಜೆರಿ ಬ್ರಕ್‌ಹೈಮರ್ ತರಾತುರಿಯಲ್ಲಿ ಮರ್ಫಿಯನ್ನು ಕರೆತಂದರು. ನಿರ್ದೇಶಕ ಮಾರ್ಟಿನ್ ಬ್ರೆಸ್ಟ್ ಅಪೂರ್ಣವಾದ ಚಿತ್ರಕಥೆಯನ್ನೇ ಇಟ್ಟುಕೊಂಡು, ಸೆಟ್ಟಿನಲ್ಲಿ ನಟರಿಗೆ ಆಶುವಾಗಿ ಮಾತನಾಡಲು ಬಿಟ್ಟರು. ಇಷ್ಟೆಲ್ಲ ಆಗಿಯೂ ಮೂಲ ಚಿತ್ರಕಥೆಯ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ದೊರೆತದ್ದು ಸೋಜಿಗವೇ ಸರಿ. ಕಥೆ ಡ್ಯಾನಿಲೊ ಬಾಕ್ ಮತ್ತು ಡೇನಿಯಲ್ ಪೆಟ್ರಿ ಜೂನಿಯರ್ ಅವರದು, ಚಿತ್ರಕಥೆ ಪೆಟ್ರಿಯವರದು. ಮೊದಲ ಬಿಡುಗಡೆಯ ಲೆಕ್ಕದಲ್ಲಿ ಅಮೆರಿಕದೊಳಗೇ 23 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಈ ಚಿತ್ರ, ಆ ವರ್ಷ ತೆರೆಕಂಡವುಗಳಲ್ಲಿ ಮುಂಚೂಣಿಯಲ್ಲಿತ್ತು.

ಹೊಸ ಡಿಸ್ಕ್‌ನಲ್ಲಿ ಚಿತ್ರದ ಗುಣಮಟ್ಟ ಎಷ್ಟರಮಟ್ಟಿಗೆ ಸುಧಾರಿಸಿದೆ?

ಸಾಕಷ್ಟು ಸುಧಾರಿಸಿದೆ, ಆದರೆ ಎಲ್ಲ ದೃಶ್ಯಗಳಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ. ಇದು 35 ಮಿಲಿಮೀಟರ್ ಫಿಲ್ಮ್‌ನಲ್ಲಿ ಚಿತ್ರೀಕರಿಸಿದ ಚಿತ್ರ. ಮರುಮುದ್ರಣಕ್ಕಾಗಿ ಫಿಲ್ಮ್ ಅನ್ನು 4ಕೆ ಗಾತ್ರದಲ್ಲಿ ಸ್ಕ್ಯಾನ್ ಮಾಡಲಾಗಿದೆ. ಸಾಮಾನ್ಯ ಬ್ಲೂ-ರೇಯಲ್ಲಿ 1920×1080 ಚಿತ್ರಬಿಂದುಗಳಿದ್ದರೆ 4ಕೆ ಡಿಸ್ಕ್‌ನಲ್ಲಿ 3840×2160 ಇರುತ್ತವೆ. ಆದರೂ ಕಣ್ಣಿಗೆ ಮೊದಲು ಗೋಚರಿಸುವ ವ್ಯತ್ಯಾಸ ಬಿಂದುಗಳ ಸಂಖ್ಯೆಯದಲ್ಲ. ಬೆಳಕು ಮತ್ತು ನೆರಳಿನ ಹರಹನ್ನು ಹೆಚ್ಚಿಸುವ ಎಚ್‌ಡಿಆರ್ ಸೌಲಭ್ಯದ್ದು. ಈ ಡಿಸ್ಕ್‌ನಲ್ಲಿ ಅದರ ಎರಡು ಬಗೆಗಳಾದ ಡಾಲ್ಬಿ ವಿಷನ್ ಮತ್ತು ಎಚ್‌ಡಿಆರ್10 ಎರಡೂ ಇವೆ. ನಿಮ್ಮ ಟಿವಿಗೆ ಡಾಲ್ಬಿ ವಿಷನ್ ತಿಳಿಯದಿದ್ದರೆ ತಾನಾಗಿಯೇ ಎಚ್‌ಡಿಆರ್10ಕ್ಕೆ ಇಳಿಯುತ್ತದೆ.

ಛಾಯಾಗ್ರಾಹಕ ಬ್ರೂಸ್ ಸರ್ಟೀಸ್ ಅವರ ಕೆಲಸವನ್ನು ತಿಳಿದವರಿಗೆ ಇದರ ಮಹತ್ವ ಹೊಳೆಯುತ್ತದೆ. ಕ್ಲಿಂಟ್ ಈಸ್ಟ್‌ವುಡ್‌ನ ‘ಡರ್ಟಿ ಹ್ಯಾರಿ’, ‘ಎಸ್ಕೇಪ್ ಫ್ರಮ್ ಆಲ್ಕಟ್ರಾಝ್’ ಮುಂತಾದ ಚಿತ್ರಗಳನ್ನು ಸೆರೆಹಿಡಿದ ಅವರು, ಇದ್ದಷ್ಟೇ ಬೆಳಕಿನಲ್ಲಿ ಧೈರ್ಯದಿಂದ ಚಿತ್ರೀಕರಿಸುವುದಕ್ಕೆ ಹೆಸರಾದವರು. ಉದ್ಯಮದಲ್ಲಿ ಅವರಿಗೆ ‘ಕತ್ತಲೆಯ ರಾಜಕುಮಾರ’ ಎಂಬ ಅಡ್ಡಹೆಸರೇ ಇತ್ತು. ಹಾಸ್ಯಚಿತ್ರವೆಂದರೆ ಎಲ್ಲ ಮೂಲೆಗಳಿಗೂ ಬೆಳಕು ಸುರಿಯುವುದು ರೂಢಿಯಾಗಿದ್ದ ಕಾಲದಲ್ಲಿ ಅವರು ಡೆಟ್ರಾಯ್ಟ್‌ನ ಬೀದಿಗಳನ್ನು ಬೂದು ಬಣ್ಣದಲ್ಲಿ, ಬಾರು ಮತ್ತು ಗೋದಾಮುಗಳನ್ನು ಅರೆಗತ್ತಲೆಯಲ್ಲಿ, ಬೆವರ್ಲಿ ಹಿಲ್ಸ್‌ನ ಹುಲ್ಲುಹಾಸುಗಳನ್ನು ಕಣ್ಣು ಕೋರೈಸುವ ಬಿಸಿಲಿನಲ್ಲಿ ತೋರಿಸಿದರು. ಕ್ಯಾಸೆಟ್ಟಿನಲ್ಲೂ ಡಿವಿಡಿಯಲ್ಲೂ ಈ ಅರೆಗತ್ತಲೆಯೆಲ್ಲ ಮಸಿ ಬಳಿದಂತೆ ಒಂದೇ ಕಪ್ಪಾಗಿ ಕಾಣುತ್ತಿತ್ತು. 4ಕೆ ಡಿಸ್ಕ್‌ನಲ್ಲಿ ಗೋದಾಮಿನ ದೃಶ್ಯವನ್ನು ನೋಡಿ: ಪೆಟ್ಟಿಗೆಗಳ ಅಂಚು, ಜಾಕೆಟ್ಟಿನ ಮಡಿಕೆ, ಮುಖದ ಅರ್ಧಭಾಗದ ನೆರಳು ಬೇರೆಬೇರೆಯಾಗಿ ನಿಲ್ಲುತ್ತವೆ, ಹಾಗೆಂದು ಕತ್ತಲೆ ತಿಳಿಯಾಗಿಬಿಟ್ಟಿಲ್ಲ. ಈ ಮರುಮುದ್ರಣವನ್ನು ಕೊಳ್ಳಲು ಒಂದೇ ಕಾರಣ ಹೇಳಿ ಎಂದರೆ ನನ್ನ ಉತ್ತರ ಇದೇ.

ಚಿತ್ರದ ತುಂಬ ಮರಳಿನಂಥ ಕಣಗಳು ಕುಣಿಯುತ್ತಿವೆ. ಡಿಸ್ಕ್ ದೋಷಯುಕ್ತವೆ?

ಅಲ್ಲ. ಅದು ಫಿಲ್ಮ್‌ನ ಸಹಜ ಗುಣವಾದ ಗ್ರೇನ್. ಕಡಿಮೆ ಬೆಳಕಿನಲ್ಲಿ ತೆಗೆದ ದೃಶ್ಯಗಳಲ್ಲಿ ಅದು ದಟ್ಟವಾಗಿಯೂ ಬಿಸಿಲಿನ ದೃಶ್ಯಗಳಲ್ಲಿ ತೆಳುವಾಗಿಯೂ ಕಾಣುತ್ತದೆ. ಯಂತ್ರದಿಂದ ಅದನ್ನು ಒರೆಸಿಹಾಕಲು ಸಾಧ್ಯವಿದೆ. ಹಾಗೆ ಮಾಡಿದ ಕೆಲವು ಎಂಬತ್ತರ ದಶಕದ ಚಿತ್ರಗಳಲ್ಲಿ ನಟರ ಮುಖಗಳು ಮೇಣದ ಬೊಂಬೆಗಳಂತಾಗಿರುವುದನ್ನು ನೋಡಿದವರು ಗ್ರೇನ್ ಉಳಿದಿರುವುದಕ್ಕೆ ಸಂತೋಷವನ್ನೇ ಪಡುತ್ತಾರೆ. ಗ್ರೇನ್ ಅತಿಯಾಗಿ, ಚೂಪಾಗಿ, ಗದ್ದಲದಂತೆ ಕಂಡರೆ ದೋಷವಿರುವುದು ಬಹುತೇಕ ಟಿವಿಯ ಹೊಂದಾಣಿಕೆಯಲ್ಲಿ.

ಹಾಗಾದರೆ ಟಿವಿಯನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಟಿವಿಯಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಆರಿಸಿ, ಇಲ್ಲವಾದರೆ ‘ಸಿನಿಮಾ’ ಅಥವಾ ‘ಮೂವಿ’ ಎಂಬುದನ್ನು ಆರಿಸಿ. ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಸಂಪೂರ್ಣ ನಿಲ್ಲಿಸಿಬಿಡಿ. ಕಂಪನಿಗೊಂದು ಹೆಸರಿನಲ್ಲಿ ಅದು ಅಡಗಿರುತ್ತದೆ. ಅದು ಚಾಲೂ ಇದ್ದರೆ ಆರಂಭದ ಲಾರಿ ಬೆನ್ನಟ್ಟುವಿಕೆಯ ದೃಶ್ಯ ಟಿವಿ ಧಾರಾವಾಹಿಯ ಹಾಗೆ ಕಾಣುತ್ತದೆ. ಶಾರ್ಪ್‌ನೆಸ್ ಸೊನ್ನೆಗೆ ಅಥವಾ ಅದರ ಹತ್ತಿರಕ್ಕೆ ಇಳಿಯಲಿ. ಪ್ಲೇಯರ್‌ನಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳ ಹೊರಹರಿವು ಚಾಲ್ತಿಯಲ್ಲಿದೆಯೆ ಎಂದು ನೋಡಿಕೊಳ್ಳಿ. ಡಾಲ್ಬಿ ವಿಷನ್ ಬರುತ್ತಿಲ್ಲವಾದರೆ ಕೇಬಲ್ ಹಳೆಯದಿರಬಹುದು, ಅಥವಾ ಟಿವಿಯ ಆ ಎಚ್‌ಡಿಎಂಐ ಕಿಂಡಿಯಲ್ಲಿ ಪೂರ್ಣ ವೇಗವನ್ನು ಮೆನುವಿನಿಂದ ತೆರೆಯಬೇಕಾಗಿರಬಹುದು. ಹಗಲು ಬೆಳಕು ತುಂಬಿದ ಹಜಾರದಲ್ಲಿ ಸರ್ಟೀಸ್‌ರ ಕತ್ತಲೆ ಮಸುಕಾಗುತ್ತದೆ. ಪರದೆ ಎಳೆದುಕೊಂಡರೆ ಆಯಿತು, ಅದಕ್ಕೆ ಬೇರೆ ಉಪಕರಣವೇನೂ ಬೇಡ.

ಹಳೆಯ ಡಿವಿಡಿಯಲ್ಲಿ ಕೇಳಿದ ಸಂಗೀತಕ್ಕೂ ಈ ಡಿಸ್ಕ್‌ನ ಸಂಗೀತಕ್ಕೂ ಶ್ರುತಿಯೇ ಬೇರೆ ಅನ್ನಿಸುತ್ತದೆ. ನನ್ನ ಕಿವಿಯ ದೋಷವೆ?

ನಿಮ್ಮ ಕಿವಿ ಸರಿಯಾಗಿಯೇ ಇದೆ. ಭಾರತದ ಟಿವಿ ವ್ಯವಸ್ಥೆ ಪಿಎಎಲ್ ಮಾದರಿಯದಾಗಿದ್ದರಿಂದ ಇಲ್ಲಿ ಮತ್ತು ಯೂರೋಪಿನಲ್ಲಿ ಆ ಮಾದರಿಯ ಕ್ಯಾಸೆಟ್ಟು, ಡಿವಿಡಿಗಳೇ ಬಳಕೆಯಲ್ಲಿದ್ದವು. ಚಲನಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್‌ಗಳ ವೇಗದಲ್ಲಿ. ಪಿಎಎಲ್ ವ್ಯವಸ್ಥೆಯ ವೇಗ 25. ಆ ಒಂದು ಫ್ರೇಮ್‌ನ ಅಂತರವನ್ನು ಸರಿದೂಗಿಸಲು ಸುಲಭದ ಹಾದಿಯಾಗಿ ಇಡೀ ಚಿತ್ರವನ್ನು ಶೇಕಡ 4ರಷ್ಟು ವೇಗವಾಗಿ ಓಡಿಸುತ್ತಿದ್ದರು. ಹೀಗಾಗಿ 105 ನಿಮಿಷಗಳ ಚಿತ್ರ 101 ನಿಮಿಷಗಳಿಗೆ ಮುಗಿಯುತ್ತಿತ್ತು, ಶ್ರುತಿಯನ್ನು ಪ್ರತ್ಯೇಕವಾಗಿ ತಿದ್ದದಿದ್ದರೆ ಎಲ್ಲ ದನಿಗಳೂ ಅರ್ಧಸ್ವರದ ಮುಕ್ಕಾಲು ಪಾಲಿನಷ್ಟು ಮೇಲೇರುತ್ತಿದ್ದವು.

ಮಾತಿನಲ್ಲಿ ಇದು ಗೊತ್ತಾಗುವುದು ಕಷ್ಟ, ಸಂಗೀತದಲ್ಲಿ ಗೊತ್ತಾಗುತ್ತದೆ. ಜರ್ಮನಿಯ ಮ್ಯೂನಿಕ್‌ನ ಹೆರಾಲ್ಡ್ ಫಾಲ್ಟರ್‌ಮೇಯರ್ ರಚಿಸಿದ, ಈ ಚಿತ್ರದ ಮುಖ್ಯ ವಾದ್ಯಗೀತೆಯಾದ ‘ಆಕ್ಸೆಲ್ ಎಫ್’ ಎಫ್ ಮೈನರ್‌ನಲ್ಲಿದೆ. ವೇಗ ಹೆಚ್ಚಿದ ಪ್ರತಿಯಲ್ಲಿ ಅದು ಎಫ್ ಶಾರ್ಪ್‌ನ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. ಕೀಬೋರ್ಡಿನಲ್ಲಿ ಜೊತೆಗೂಡಿ ನುಡಿಸಲು ಹೋದವರಿಗೆ ಯಾವ ಕೀಲಿಗೂ ಅದು ಕೂಡದೆ ಇರುವುದಕ್ಕೆ ಕಾರಣ ಇದು. ಬ್ಲೂ-ರೇ ಮತ್ತು 4ಕೆ ಡಿಸ್ಕ್‌ಗಳಲ್ಲಿ ಚಿತ್ರ 24 ಫ್ರೇಮ್‌ಗಳ ಮೂಲ ವೇಗದಲ್ಲೇ ಓಡುವುದರಿಂದ ಸಂಗೀತವೂ ಮಾತೂ ತಮ್ಮ ಸ್ಥಾನಕ್ಕೆ ಮರಳಿವೆ, ಮರ್ಫಿಯ ಆ ಪ್ರಸಿದ್ಧ ನಗುವೂ ಸೇರಿ.

ಆ ಸಂಗೀತದ ಬಗ್ಗೆ ಇನ್ನಷ್ಟು ಹೇಳಬಹುದೆ?

ಹೊಡೆದಾಟದ ಚಿತ್ರಗಳಿಗೆ ದೊಡ್ಡ ವಾದ್ಯವೃಂದವೇ ಬೇಕೆಂಬ ನಂಬಿಕೆಯಿದ್ದ ಕಾಲದಲ್ಲಿ ಫಾಲ್ಟರ್‌ಮೇಯರ್ ಇಡೀ ಹಿನ್ನೆಲೆಯನ್ನು ಸಿಂಥಸೈಸರ್‌ಗಳ ಮೇಲೆ ಕಟ್ಟಿದರು. ‘ಆಕ್ಸೆಲ್ ಎಫ್’ನ ಮುಖ್ಯ ರಾಗಭಾಗಕ್ಕೆ ರೋಲಂಡ್ ಜುಪಿಟರ್-8, ಕೆಳಗಿನ ಬೇಸ್‌ಗೆ ಮೂಗ್ ಮಾಡ್ಯುಲರ್, ಮೇಲಿನ ಗಂಟೆಯಂಥ ನಾದಕ್ಕೆ ಯಮಾಹಾ ಡಿಎಕ್ಸ್7, ತಾಳಕ್ಕೆ ಲಿನ್‌ಡ್ರಮ್. 1985ರಲ್ಲಿ ಈ ವಾದ್ಯಗೀತೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೂ ಏರಿತು. ಚಿತ್ರದ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಚಿತ್ರ ನೋಡದ ಎಷ್ಟೋ ಜನರಿಗೆ ಇದು 2005ರ ‘ಕ್ರೇಜಿ ಫ್ರಾಗ್’ ರಿಂಗ್‌ಟೋನ್ ಮೂಲಕ ಪರಿಚಯವಾಗಿದ್ದು ವಿಧಿಯ ತಮಾಷೆ. ಗ್ಲೆನ್ ಫ್ರೈ ಹಾಡಿದ ‘ದಿ ಹೀಟ್ ಈಸ್ ಆನ್’ ಶೀರ್ಷಿಕೆಗಳ ಜೊತೆಗೂ, ಪಾಯಿಂಟರ್ ಸಿಸ್ಟರ್ಸ್ ಹಾಡಿದ ‘ನ್ಯೂಟ್ರಾನ್ ಡ್ಯಾನ್ಸ್’ ಲಾರಿ ಬೆನ್ನಟ್ಟುವ ದೃಶ್ಯದಲ್ಲೂ ಬರುತ್ತವೆ.

ಧ್ವನಿಯ ಮಟ್ಟ ಹೇಗಿದೆ? ಹೋಮ್ ಥಿಯೇಟರ್ ಬೇಕೇ ಬೇಕೆ?

ಬೇಕೇ ಬೇಕೆಂದಿಲ್ಲ. ಚಿತ್ರಮಂದಿರಗಳಲ್ಲಿ ಇದು ಡಾಲ್ಬಿ ಸ್ಟೀರಿಯೊದಲ್ಲಿ ಬಂದಿತ್ತು. ಡಿಸ್ಕ್‌ನಲ್ಲಿ ಅದನ್ನು 5.1 ವಾಹಿನಿಗಳಿಗೆ ಹರಡಿದ ನಷ್ಟರಹಿತ ಧ್ವನಿಪಥವಿದೆ. ಇಂದಿನ ಚಿತ್ರಗಳಂತೆ ಗುಂಡುಗಳು ತಲೆಯ ಸುತ್ತ ಹಾರಾಡುತ್ತವೆ ಎಂದು ನಿರೀಕ್ಷಿಸಬೇಡಿ. ಮಾತು ಎದುರಿನ ನಡುವಿನ ಸ್ಪೀಕರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಹಾಡುಗಳು ಎಡಬಲಕ್ಕೆ ತೆರೆದುಕೊಳ್ಳುತ್ತವೆ, ಹಿಂದಿನ ಸ್ಪೀಕರುಗಳಿಗೆ ಹೆಚ್ಚಿನ ಕೆಲಸವಿಲ್ಲ. ಒಳ್ಳೆಯ ಎರಡು ಸ್ಪೀಕರುಗಳಲ್ಲಿ ಕೇಳಿದರೂ ನಷ್ಟವೇನಿಲ್ಲ. ಟಿವಿಯ ಒಳಗಿನ ಸ್ಪೀಕರಿನಲ್ಲಿ ಮಾತ್ರ ಬೇಸ್ ಪೂರ್ತಿ ಕಳೆದುಹೋಗುತ್ತದೆ.

ಹೆಚ್ಚುವರಿ ಭಾಗಗಳಲ್ಲಿ ಹೊಸದೇನಿದೆ?

ಚಿತ್ರ ಓಡುತ್ತಿರುವಾಗಲೇ ಕೇಳಬಹುದಾದ ಮಾರ್ಟಿನ್ ಬ್ರೆಸ್ಟ್ ಅವರ ವ್ಯಾಖ್ಯಾನ, ಪಾತ್ರವರ್ಗದ ಆಯ್ಕೆ ಮತ್ತು ಸಂಗೀತದ ಕುರಿತ ಕಿರುಚಿತ್ರಗಳು 2002ರ ಡಿವಿಡಿಯ ಕಾಲದಿಂದಲೇ ಇರುವಂಥವು. 2020ರಲ್ಲಿ ಸೇರಿದ್ದು ಮುಖ್ಯವಾಗಿ ಕತ್ತರಿಸಿಹಾಕಿದ ಕೆಲವು ದೃಶ್ಯಗಳು ಮತ್ತು ಹಾಡುಗಳಿರುವ ಜಾಗಕ್ಕೆ ನೇರವಾಗಿ ಹೋಗಲು ಅನುವು ಮಾಡುವ ‘ಮಿಕ್ಸ್‌ಟೇಪ್’. ಕತ್ತರಿಸಿದ ದೃಶ್ಯಗಳನ್ನು ಒಮ್ಮೆ ನೋಡಿದರೆ ಸಾಕು; ಏಕೆ ಕತ್ತರಿಸಿದರೆಂಬುದು ಅವುಗಳಿಂದಲೇ ಗೊತ್ತಾಗುತ್ತದೆ. ಬ್ರೆಸ್ಟ್‌ರ ವ್ಯಾಖ್ಯಾನ ನಿಧಾನಗತಿಯದು, ನಡುನಡುವೆ ಮೌನವಿದೆ, ಆದರೂ ಚಿತ್ರಕಥೆ ಸೆಟ್ಟಿನಲ್ಲೇ ರೂಪುಗೊಂಡ ಬಗೆಯನ್ನು ತಿಳಿಯಬಯಸುವವರು ಅದನ್ನು ತಪ್ಪಿಸಿಕೊಳ್ಳಬಾರದು. ಹೊಸದಾಗಿ ತೆಗೆದ ದೀರ್ಘ ಸಾಕ್ಷ್ಯಚಿತ್ರವೊಂದನ್ನು ಪ್ಯಾರಮೌಂಟ್ ಮಾಡಿಸಬಹುದಿತ್ತು; ಇಷ್ಟು ದುಡ್ಡು ತಂದುಕೊಟ್ಟ ಚಿತ್ರಕ್ಕೆ ಅಷ್ಟಾದರೂ ಸಲ್ಲಬೇಕಿತ್ತು.

ನಿಲ್ಲಿಸಿ ನೋಡಬೇಕಾದ ದೃಶ್ಯಗಳು ಯಾವುವು?

ಎರಡನ್ನು ಹೇಳಬಹುದು. ಮೊದಲನೆಯದು ಲೆಫ್ಟಿನೆಂಟ್ ಬೊಗೊಮಿಲ್‌ನ (ರಾನಿ ಕಾಕ್ಸ್) ಮುಂದೆ ಆಕ್ಸೆಲ್ ಬಿಡುವ ಬೊಗಳೆ. ಬಾರಿನಲ್ಲಿ ನಡೆದ ಘಟನೆಯನ್ನು ಮುಚ್ಚಿಹಾಕಲು ಅವನು ಟ್ಯಾಗರ್ಟ್ ಮತ್ತು ರೋಸ್‌ವುಡ್‌ರನ್ನು ‘ಸೂಪರ್ ಕಾಪ್’ಗಳೆಂದು ಹೊಗಳತೊಡಗುತ್ತಾನೆ. ಈ ಮಾತುಗಳು ಮರ್ಫಿ ಆಶುವಾಗಿ ಆಡಿದವು. ಪಕ್ಕದಲ್ಲಿ ನಿಂತವರಿಗೆ ನಗು ತಡೆಯಲಾಗಲಿಲ್ಲ. ಜಾನ್ ಆಷ್ಟನ್ ತಲೆ ತಗ್ಗಿಸಿ ಮೂಗಿನ ಮೇಲ್ಭಾಗವನ್ನು ಬೆರಳುಗಳಿಂದ ಹಿಡಿದುಕೊಳ್ಳುತ್ತಾನೆ, ನೋಡುವವರಿಗೆ ಅದು ಬೇಸರದಂತೆ ಕಾಣುತ್ತದೆ. ರೈನ್‌ಹೋಲ್ಡ್ ಜೇಬಿನೊಳಗೆ ಕೈಯಿಟ್ಟು ತೊಡೆ ಚಿವುಟಿಕೊಳ್ಳುತ್ತಿದ್ದನಂತೆ. 4ಕೆಯಲ್ಲಿ ಅವರ ತುಟಿಯಂಚಿನ ನಡುಕವನ್ನೂ ಕಾಣಬಹುದು. ಆಷ್ಟನ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಮೇಲೆ ಈ ದೃಶ್ಯವನ್ನು ನೆನೆಯದವರಿಲ್ಲ.

ಎರಡನೆಯದು ಆಕ್ಸೆಲ್ ತೊಟ್ಟಿರುವ ಟೀ-ಶರ್ಟು. ಅದರ ಮೇಲೆ ಮಮ್‌ಫರ್ಡ್ ಶಾಲೆಯ ವ್ಯಾಯಾಮ ವಿಭಾಗದ ಹೆಸರಿದೆ. ಮಮ್‌ಫರ್ಡ್ ಎಂಬುದು ಡೆಟ್ರಾಯ್ಟ್‌ನಲ್ಲಿರುವ ನಿಜವಾದ ಪ್ರೌಢಶಾಲೆ, ನಿರ್ಮಾಪಕ ಬ್ರಕ್‌ಹೈಮರ್ ಓದಿದ್ದು ಅಲ್ಲಿಯೇ. ಹೊಸ ಡಿಸ್ಕ್‌ನಲ್ಲಿ ಆ ಅಕ್ಷರಗಳಷ್ಟೇ ಅಲ್ಲ, ಹಲವು ಸಲ ಒಗೆದ ಬಟ್ಟೆಯ ಜೂಲೂ ಕಾಣುತ್ತದೆ. ಡೆಟ್ರಾಯ್ಟ್ ಕುರಿತ ಇಂಥ ನಿಷ್ಠೆ ಪಾತ್ರವರ್ಗದಲ್ಲೂ ಇದೆ: ಆಕ್ಸೆಲ್‌ನ ಮೇಲೆ ಕೂಗಾಡುವ ಇನ್‌ಸ್ಪೆಕ್ಟರ್ ಟಾಡ್ ಪಾತ್ರಧಾರಿ ಗಿಲ್ ಹಿಲ್ ಆಗ ಡೆಟ್ರಾಯ್ಟ್ ಪೊಲೀಸ್ ಇಲಾಖೆಯಲ್ಲೇ ಕೊಲೆ ಪ್ರಕರಣಗಳ ತನಿಖಾಧಿಕಾರಿಯಾಗಿದ್ದವರು, ಮುಂದೆ ಆ ನಗರದ ಕೌನ್ಸಿಲ್ ಅಧ್ಯಕ್ಷರೂ ಆದರು.

ಅಮೆರಿಕದಿಂದ ತರಿಸಿದ ಡಿಸ್ಕ್ ಕರ್ನಾಟಕದಲ್ಲಿ ಓಡುತ್ತದೆಯೆ?

4ಕೆ ಡಿಸ್ಕ್‌ಗೆ ರೀಜನ್ ಕೋಡ್ ಇಲ್ಲ. ಯಾವ ದೇಶದಲ್ಲಿ ಕೊಂಡರೂ ಯಾವ ದೇಶದ 4ಕೆ ಪ್ಲೇಯರ್‌ನಲ್ಲೂ ಓಡುತ್ತದೆ. ಸಾಮಾನ್ಯ ಬ್ಲೂ-ರೇಯ ವಿಷಯದಲ್ಲಿ ಮಾತ್ರ ಜಾಗರೂಕರಾಗಿರಬೇಕು. ಅಮೆರಿಕ ‘ಎ’ ವಲಯಕ್ಕೂ ಬ್ರಿಟನ್ ಮತ್ತು ಆಸ್ಟ್ರೇಲಿಯಾ ‘ಬಿ’ ವಲಯಕ್ಕೂ ಭಾರತ ‘ಸಿ’ ವಲಯಕ್ಕೂ ಸೇರಿವೆ. ಡಿಸ್ಕ್ ಎಲ್ಲ ವಲಯಗಳಿಗೂ ತೆರೆದಿದ್ದರೆ ತೊಂದರೆಯಿಲ್ಲ, ಒಂದೇ ವಲಯಕ್ಕೆ ಬೀಗ ಹಾಕಿದ್ದರೆ ಇಲ್ಲಿನ ಪ್ಲೇಯರ್ ಅದನ್ನು ನಿರಾಕರಿಸುತ್ತದೆ. ಪೆಟ್ಟಿಗೆಯ ಹಿಂಬದಿಯ ಗುರುತನ್ನು ನೋಡದೆ ಹಣ ಕೊಡಬೇಡಿ. ಡಿವಿಡಿಗಳಲ್ಲಿ ಅಮೆರಿಕದ್ದು 1ನೇ ವಲಯ, ನಮ್ಮದು 5ನೇ ವಲಯ.

ಪ್ರತ್ಯೇಕ ಪ್ಲೇಯರ್ ಇಲ್ಲದವರು ಡಿಸ್ಕ್ ಕಿಂಡಿಯಿರುವ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಒನ್ ಎಸ್ ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಳಸಬಹುದು. ಪ್ಲೇಸ್ಟೇಷನ್ 4 ಪ್ರೊ ಹೆಸರಿಗೆ 4ಕೆ ಆದರೂ 4ಕೆ ಡಿಸ್ಕ್ ಓದುವುದಿಲ್ಲ. ಪ್ಲೇಸ್ಟೇಷನ್ 5ರಲ್ಲಿ ಡಿಸ್ಕ್ ಓಡುತ್ತದೆ, ಡಾಲ್ಬಿ ವಿಷನ್ ಬರುವುದಿಲ್ಲ, ಎಚ್‌ಡಿಆರ್10 ಬರುತ್ತದೆ. ಹಳೆಯ ಬ್ಲೂ-ರೇ ಪ್ಲೇಯರ್‌ಗಳಿಗೂ ಲ್ಯಾಪ್‌ಟಾಪಿನ ಸಾಧಾರಣ ಡ್ರೈವ್‌ಗಳಿಗೂ 4ಕೆ ಡಿಸ್ಕ್ ಕೊಟ್ಟು ಪ್ರಯೋಜನವಿಲ್ಲ.

ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವುದಾದರೆ ಡಿಸ್ಕ್‌ನ ಬೆಲೆ, ಸಾಗಣೆ ವೆಚ್ಚದ ಮೇಲೆ ಕಸ್ಟಮ್ಸ್ ಸುಂಕ ಮತ್ತು ತೆರಿಗೆ ಬೀಳಬಹುದು, ಕೊರಿಯರ್‌ನವರು ಗುರುತಿನ ದಾಖಲೆಯನ್ನೂ ಕೇಳುತ್ತಾರೆ. ಒಂದೇ ಡಿಸ್ಕ್‌ಗೆ ಇಷ್ಟೆಲ್ಲ ತೆತ್ತರೆ ಮೈಮೇಲೆ ಬೀಳುತ್ತದೆ. ಊರಿಗೆ ಬರುವ ನೆಂಟರ ಸೂಟ್‌ಕೇಸಿನಲ್ಲಿ ಜಾಗವಿದ್ದರೆ ಅದೇ ಒಳ್ಳೆಯ ದಾರಿ.

ಅಮೆರಿಕದಲ್ಲಿದ್ದೇನೆ, ಸದ್ಯದಲ್ಲೇ ಊರಿಗೆ ಮರಳಲಿದ್ದೇನೆ. ಸಂಗ್ರಹವನ್ನು ಹೇಗೆ ತರಲಿ?

4ಕೆ ಡಿಸ್ಕ್‌ಗಳ ಬಗ್ಗೆ ಚಿಂತೆ ಬೇಡ. ‘ಎ’ ವಲಯಕ್ಕೆ ಬೀಗ ಹಾಕಿದ ಬ್ಲೂ-ರೇಗಳು ಹಲವಿದ್ದರೆ ಅಲ್ಲಿನ ಪ್ಲೇಯರ್ ಅನ್ನೂ ಜೊತೆಗೆ ತರುವುದು ಲೇಸು, ಆದರೆ ಅದರ ಹಿಂಬದಿಯಲ್ಲಿ 100–240 ವೋಲ್ಟ್ ಎಂದು ಬರೆದಿದೆಯೆ ಎಂದು ಮೊದಲು ನೋಡಿ. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರವಾಗಿ ಜೋಡಿಸಿದ ಕ್ಷಣವೇ ಅದರ ಕಥೆ ಮುಗಿಯುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಚಿತ್ರವನ್ನು ಅಂತರಜಾಲದಲ್ಲೂ ಪಡೆಯಲು ಪೆಟ್ಟಿಗೆಯೊಳಗೆ ಬರುವ ಡಿಜಿಟಲ್ ಕೋಡ್ ಅಮೆರಿಕದ ಖಾತೆಗಳಿಗೆ ಮೀಸಲು, ಆದ್ದರಿಂದ ಹೊರಡುವ ಮುನ್ನ ಅಲ್ಲಿಯೇ ಬಳಸಿಬಿಡಿ.

ಸ್ಟ್ರೀಮಿಂಗ್‌ನಲ್ಲಿ ಸಿಗುವಾಗ ಡಿಸ್ಕ್ ಏಕೆ?

ಒಮ್ಮೆ ನೋಡಿ ಬಿಡುವವರಿಗೆ ಡಿಸ್ಕ್ ಬೇಡ. ಆದರೆ ಸ್ಟ್ರೀಮಿಂಗ್‌ನ 4ಕೆ ಚಿತ್ರಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ಗಳಷ್ಟು ದತ್ತಾಂಶ ದೊರೆತರೆ, ಡಿಸ್ಕ್‌ನಲ್ಲಿ ಅದರ ಎರಡು ಮೂರು ಪಟ್ಟು ದೊರೆಯುತ್ತದೆ. ಈ ಚಿತ್ರದಂತೆ ಗ್ರೇನ್ ಮತ್ತು ಅರೆಗತ್ತಲೆ ಹೆಚ್ಚಿರುವ ಕಡೆ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಏಕೆಂದರೆ ಪ್ರತಿ ಫ್ರೇಮ್‌ನಲ್ಲೂ ಬದಲಾಗುವ ಗ್ರೇನ್ ಅನ್ನು ಸಂಕುಚಿತಗೊಳಿಸುವುದು ಬಲು ಕಷ್ಟದ ಕೆಲಸ. ದತ್ತಾಂಶ ಸಾಲದಿದ್ದರೆ ಕತ್ತಲೆಯ ಭಾಗಗಳು ಚೌಕಚೌಕವಾಗಿ ಒಡೆಯುತ್ತವೆ. ಹಕ್ಕಿನ ಒಪ್ಪಂದಗಳು ಬದಲಾದಾಗ ಚಿತ್ರ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುವುದು, ಕೆಲಕಾಲ ಎಲ್ಲೂ ಇಲ್ಲದಿರುವುದು ಇದ್ದೇ ಇದೆ.

ಕನ್ನಡ ಸಬ್‌ಟೈಟಲ್ ಇದೆಯೆ?

ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಇದೆ, ಮರ್ಫಿಯ ಮಾತಿನ ವೇಗಕ್ಕೆ ಅದು ತುಂಬ ನೆರವಾಗುತ್ತದೆ.

ಮನೆಮಂದಿಯೆಲ್ಲ ಕೂತು ನೋಡಬಹುದೆ?

ಚಿಕ್ಕ ಮಕ್ಕಳ ಜೊತೆ ನೋಡಬಾರದು. ಅಮೆರಿಕದಲ್ಲಿ ಇದಕ್ಕೆ ‘ಆರ್’ ಶ್ರೇಣಿ ದೊರೆತಿದೆ, ಎಂದರೆ 17 ವರ್ಷದೊಳಗಿನವರು ಹಿರಿಯರ ಜೊತೆಯಲ್ಲೇ ನೋಡಬೇಕು. ಬೈಗುಳ ಉದ್ದಕ್ಕೂ ಇದೆ, ನಗ್ನ ನೃತ್ಯದ ಬಾರಿನ ದೃಶ್ಯವಿದೆ, ರಕ್ತಪಾತವಿದೆ. ಸಲಿಂಗಿಗಳನ್ನು ಅಣಕಿಸುವ ಒಂದು ಪ್ರಸಂಗ ಅಂದು ನಗು ತರಿಸಿರಬಹುದು, ಇಂದು ಮುಜುಗರ ತರುತ್ತದೆ. ಚಿತ್ರದ ಸ್ತ್ರೀಪಾತ್ರವಾದ ಜೆನಿಗೆ (ಲಿಸಾ ಐಲ್‌ಬಾಕರ್) ಕೆಲಸ ಕಡಿಮೆ ಕೊಟ್ಟಿದ್ದರೂ ನಾಯಕನ ಪ್ರೇಯಸಿಯಾಗಿಸದೆ ಗೆಳತಿಯಾಗಿಯೇ ಉಳಿಸಿದ್ದು ಆ ಕಾಲಕ್ಕೆ ಅಪರೂಪ.

ಮನೆ ವಿಡಿಯೊದ ಚರಿತ್ರೆಯಲ್ಲಿ ಈ ಚಿತ್ರದ ಹೆಸರು ಬರುವುದೇಕೆ?

ಬೆಲೆಯ ಕಾರಣಕ್ಕೆ. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಅಮೆರಿಕದಲ್ಲಿ ಹೊಸ ಚಿತ್ರದ ಕ್ಯಾಸೆಟ್ಟಿಗೆ 80 ಡಾಲರ್ ಆಸುಪಾಸಿನ ಬೆಲೆಯಿರುತ್ತಿತ್ತು. ಅದು ಮನೆಯವರು ಕೊಳ್ಳಲಿ ಎಂದು ಇಟ್ಟ ಬೆಲೆಯಲ್ಲ, ಬಾಡಿಗೆ ಅಂಗಡಿಗಳಿಗೆ ಇಟ್ಟ ಬೆಲೆ. ಬಾಡಿಗೆಯ ಹಣದಲ್ಲಿ ಸ್ಟುಡಿಯೊಗೆ ಪಾಲಿರಲಿಲ್ಲವಾದ್ದರಿಂದ ಅಂಗಡಿಯವನಿಂದಲೇ ಮೊದಲಿಗೆ ಸಾಕಷ್ಟು ವಸೂಲಿ ಮಾಡುವುದು ಅವರ ಲೆಕ್ಕಾಚಾರ. ಪ್ಯಾರಮೌಂಟ್ ಈ ಲೆಕ್ಕವನ್ನು ತಲೆಕೆಳಗು ಮಾಡಿ, ತನ್ನ ಕೆಲವು ಜನಪ್ರಿಯ ಚಿತ್ರಗಳನ್ನು ನೇರವಾಗಿ ಗ್ರಾಹಕನಿಗೇ ಮಾರುವಷ್ಟು ಅಗ್ಗವಾಗಿಸತೊಡಗಿತ್ತು. 1985ರಲ್ಲಿ ‘ಬೆವರ್ಲಿ ಹಿಲ್ಸ್ ಕಾಪ್’ ಕ್ಯಾಸೆಟ್ಟನ್ನು 29.95 ಡಾಲರ್‌ಗೆ ಬಿಟ್ಟಾಗ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಸಿನಿಮಾವನ್ನು ಪುಸ್ತಕದಂತೆ ಕೊಂಡು ಕಪಾಟಿನಲ್ಲಿಡುವ ಅಭ್ಯಾಸ ಬೆಳೆಯಲು, ಇಂದು ನಾವು ಡಿಸ್ಕ್‌ಗಳ ಬಗ್ಗೆ ಇಷ್ಟು ಚರ್ಚಿಸಲು, ಆ ಬೆಲೆಯಿಳಿಕೆ ದೊಡ್ಡ ಕಾರಣ. ಅದೇ ವರ್ಷಗಳಲ್ಲಿ ನಮ್ಮ ಊರುಗಳ ವಿಡಿಯೊ ಲೈಬ್ರರಿಗಳಲ್ಲಿ ಕ್ಯಾಸೆಟ್ಟು ಕೊಳ್ಳುವ ಮಾತೇ ಇರಲಿಲ್ಲ. ಕ್ಯಾಸೆಟ್ಟು ಓಡಿಸುವ ಯಂತ್ರವಾದ ವಿಸಿಪಿಯನ್ನೂ ಸೇರಿಸಿ ದಿನದ ಬಾಡಿಗೆಗೆ ತರುವುದೇ ಪದ್ಧತಿಯಾಗಿತ್ತು.

ನನ್ನ ಬಳಿ ಹಳೆಯ ಬ್ಲೂ-ರೇ ಇದೆ. ಹೊಸದು ಕೊಳ್ಳಲೇಬೇಕೆ?

ಯಾವ ಬ್ಲೂ-ರೇ ಎಂಬುದರ ಮೇಲೆ ಹೋಗುತ್ತದೆ. 2011ರದಾದರೆ ಬದಲಾಯಿಸುವುದು ಸರಿ. ಬಣ್ಣ, ಸ್ಪಷ್ಟತೆ ಎರಡರಲ್ಲೂ ಹೊಸ ಸ್ಕ್ಯಾನ್ ಮೇಲು. 2020ರ ಮೂರು ಚಿತ್ರಗಳ ಸಂಪುಟವಿದ್ದು, ಮನೆಯಲ್ಲಿ ಎಚ್‌ಡಿಆರ್ ಸಾಮರ್ಥ್ಯದ ಒಳ್ಳೆಯ ಟಿವಿ ಇಲ್ಲದಿದ್ದರೆ ನಿಮ್ಮ ಹಣವನ್ನು ಉಳಿಸಿಕೊಳ್ಳಿ. ಅಗ್ಗದ ಟಿವಿಗಳಲ್ಲಿ ಎಚ್‌ಡಿಆರ್ ಎಂದು ಬರೆದಿದ್ದರೂ ಅದನ್ನು ತೋರಿಸುವಷ್ಟು ಬೆಳಕು ಪರದೆಗೆ ಇರುವುದಿಲ್ಲ, ಅಂಥ ಕಡೆ 4ಕೆ ಡಿಸ್ಕ್ ಬ್ಲೂ-ರೇಗಿಂತ ಮಂಕಾಗಿ ಕಾಣುವುದೂ ಉಂಟು. ಓಎಲ್ಇಡಿ ಅಥವಾ ಒಳ್ಳೆಯ ಪ್ರಕಾಶದ ಪರದೆ ಇದ್ದವರು ಹಿಂದೆಮುಂದೆ ನೋಡಬೇಕಿಲ್ಲ.

ಡಿಸ್ಕ್ ನಡುವೆ ಸಿಲುಕಿಕೊಳ್ಳುತ್ತದೆ. ಏನು ಮಾಡಲಿ?

4ಕೆ ಡಿಸ್ಕ್‌ನಲ್ಲಿ ದತ್ತಾಂಶದ ಪದರಗಳು ಬಹಳ ಒತ್ತಾಗಿರುವುದರಿಂದ ಬೆರಳಿನ ಎಣ್ಣೆಯಂಶವೂ ಅಡ್ಡಿಯಾಗುತ್ತದೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲಾಗಿ ಒರೆಸಬೇಡಿ. ಆಗಲೂ ಅದೇ ಜಾಗದಲ್ಲಿ ನಿಂತರೆ ಪ್ಲೇಯರ್‌ನ ಸಾಫ್ಟ್‌ವೇರನ್ನು ಪರಿಷ್ಕರಿಸಿ ನೋಡಿ, ಸಾಧ್ಯವಾದರೆ ಬೇರೊಂದು ಪ್ಲೇಯರ್‌ನಲ್ಲಿ ಹಾಕಿ ನೋಡಿ. ಎರಡರಲ್ಲೂ ನಿಂತರೆ ಅದು ತಯಾರಿಕೆಯ ದೋಷ, ಮಾರಿದವರಿಗೆ ಹಿಂದಿರುಗಿಸಬೇಕು. ಆದ್ದರಿಂದ ಕೊಂಡ ಡಿಸ್ಕನ್ನು ಹಿಂದಿರುಗಿಸುವ ಅವಧಿಯೊಳಗೇ ಪೂರ್ತಿ ನೋಡಿಬಿಡುವುದು ಜಾಣತನ.

ಮುಂದಿನ ಭಾಗಗಳನ್ನೂ ಕೊಳ್ಳಬೇಕೆ?

1987ರ ಎರಡನೆಯ ಭಾಗವನ್ನು ಟೋನಿ ಸ್ಕಾಟ್ ನಿರ್ದೇಶಿಸಿದರು. ಅಗಲ ಪರದೆ, ಹೊಗೆ, ಕಿತ್ತಳೆ ಬಣ್ಣದ ಸೂರ್ಯಾಸ್ತಗಳಿಂದ ಅದು ಮೊದಲನೆಯದಕ್ಕಿಂತ ಥಳಕಿನದು, ತಮಾಷೆಯಲ್ಲಿ ಒಂದು ಕೈ ಕಡಿಮೆ. ಚಿತ್ರದ ಅಂದಕ್ಕಾಗಿ ಕೊಳ್ಳಬಹುದು. 1994ರ ಮೂರನೆಯದನ್ನು ಜಾನ್ ಲ್ಯಾಂಡಿಸ್ ನಿರ್ದೇಶಿಸಿದರು. ಅದರಲ್ಲಿ ಟ್ಯಾಗರ್ಟ್ ಇಲ್ಲ, ಆ ಕೊರತೆ ಉದ್ದಕ್ಕೂ ಕಾಡುತ್ತದೆ, ಸಂಪುಟದ ಭಾಗವಾಗಿ ಬಂದರೆ ಇಟ್ಟುಕೊಳ್ಳಿ, ಬಿಡಿಯಾಗಿ ಬೇಡ. 2024ರ ಜುಲೈ 3ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ನಾಲ್ಕನೆಯದರಲ್ಲಿ ಆಷ್ಟನ್ ಮತ್ತು ರೈನ್‌ಹೋಲ್ಡ್ ಇಬ್ಬರೂ ಮರಳಿದ್ದಾರೆ. ಅದನ್ನು ನೋಡುವ ಮುನ್ನ ಮೊದಲನೆಯದನ್ನು ಮತ್ತೊಮ್ಮೆ ಹಾಕಿಕೊಂಡರೆ ಮೂವರೂ ಒಟ್ಟಿಗೆ ಕಾರಿನಲ್ಲಿ ಕೂರುವ ದೃಶ್ಯ ಹೆಚ್ಚು ರುಚಿಸುತ್ತದೆ.